ಮ್ಯಾಕ್ಸ್ ಹೋದ ದಾರಿ ಈಗ ಮುಚ್ಚಿದೆ, ಮೈಸೂರಿನ ಸೈಟು ಸದ್ಯ ಹಾಗೇ ಇರಲಿ

ಪ್ರಶ್ನೆ: ನಾವು ಹಾಸನದವರು. ಏಳು ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿ, ಐಂಡ್‌ಹೋವನ್ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಇದ್ದೇವೆ. ಮಗನಿಗೆ ಒಂಬತ್ತೂವರೆ ವರ್ಷ. ಸ್ನೇಹಿತನ ಬರ್ತ್‌ಡೇಗೆ ಅಂತ ಕಾರ್ಟಿಂಗ್‌ಗೆ (ಚಿಕ್ಕ ತೆರೆದ ರೇಸ್ ಗಾಡಿ ಓಡಿಸುವ ಆಟ) ಹೋದವನು ಅವತ್ತಿನಿಂದ ಬೇರೆ ಮಾತೇ ಆಡುತ್ತಿಲ್ಲ. ಬಾಡಿಗೆ ಕಾರ್ಟ್‌ನಲ್ಲಿ ಹನ್ನೆರಡು ವರ್ಷದ ಹುಡುಗರನ್ನೂ ಹಿಂದೆ ಹಾಕುತ್ತಾನೆ. ಟ್ರ್ಯಾಕ್‌ನವರು 'ಇವನಲ್ಲಿ ಏನೋ ಇದೆ' ಅಂದರು. ಅಷ್ಟೇ ಸಾಕಾಯಿತು, ನಮ್ಮ ಯಜಮಾನರು ಮೈಸೂರಿನ ಸೈಟು ಮಾರುವ ಮಾತಾಡುತ್ತಿದ್ದಾರೆ. ಫಾರ್ಮುಲಾ 1 (ಎಫ್1) ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ವರ್ಸ್ಟಪ್ಪನ್ ನಾಲ್ಕೂವರೆ ವರ್ಷಕ್ಕೇ ಶುರು ಮಾಡಿದ್ದನಂತೆ, ನಾವು ಆಗಲೇ ಲೇಟ್ ಅಂತಾರೆ. ಮಗ ಸೋತ ದಿನ ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈಯುತ್ತಾರೆ. ಕೇಳಿದರೆ 'ಮ್ಯಾಕ್ಸ್‌ನ ಅಪ್ಪ ಅವನನ್ನು ಪೆಟ್ರೋಲ್ ಬಂಕಲ್ಲಿ ಇಳಿಸಿ ಹೋಗಿದ್ದ, ಅದಕ್ಕೇ ಚಾಂಪಿಯನ್ ಆದ' ಅಂತಾರೆ. ನನಗೆ ಕಾರುಗಳ ಬಗ್ಗೆ ಏನೂ ಗೊತ್ತಿಲ್ಲ. ಕಾರ್ಟಿಂಗ್‌ನಲ್ಲಿ ಗೆದ್ದರೆ ಮುಂದೆ ಆ ಉದ್ದ ಮೂತಿಯ ರೇಸ್ ಕಾರು ತಾನಾಗಿಯೇ ಸಿಗುತ್ತಾ? ಖರ್ಚು ಎಷ್ಟು, ಅಪಾಯ ಎಷ್ಟು? ಒಂದು ಸೆಕೆಂಡ್ ಹ್ಯಾಂಡ್ ಕಾರ್ಟ್ ನೋಡಿದ್ದೇವೆ, ಜೊತೆಗೆ ಹೆಲ್ಮೆಟ್ಟೂ ಕೊಡ್ತಾರಂತೆ, ತಗೊಳ್ಳಬಹುದಾ?

ಉತ್ತರ: ಸೈಟಿನ ವಿಷಯ ಓದಿದಾಗ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ನಾನು ಹತ್ತು ವರ್ಷಕ್ಕಿಂತ ಜಾಸ್ತಿ ಕಾರ್ಟ್ ಟೆಂಟ್‌ಗಳಲ್ಲಿ ಸ್ಪ್ಯಾನರ್ ಹಿಡಿದವನು, ಆಮೇಲೆ ಎಫ್4 (ಕಾರ್ಟ್ ಆದ ಮೇಲೆ ಬರುವ ಮೊದಲ ರೇಸ್ ಕಾರಿನ ಮೆಟ್ಟಿಲು) ಮಟ್ಟದ ತಂಡಗಳಲ್ಲಿ ಹುಡುಗರ ಡೇಟಾ ನೋಡುವ ಕೆಲಸ ಮಾಡಿದವನು. ಮನೆ, ಜಮೀನು ಮಾರಿ ಬಂದ ಅಪ್ಪಂದಿರನ್ನು ಹತ್ತಿರದಿಂದ ನೋಡಿದ್ದೇನೆ. ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿರುವ ಭಯ ಒಂದೇ ಅನ್ನಿಸುತ್ತದೆ: ಈಗ ದುಡ್ಡು ಹಾಕದೇ ಹೋದರೆ ಮಗನ ಅವಕಾಶ ತಪ್ಪಿಸಿದ ಹಾಗಾಗುತ್ತಾ, ಅಂತ. ಈಗ ಯಾವ ಬಸ್ಸೂ ಹೊರಟು ಹೋಗುತ್ತಿಲ್ಲ. ಧೈರ್ಯವಾಗಿರಿ.

ಮೊದಲು ಆ ಬಾಡಿಗೆ ಕಾರ್ಟ್ ವಿಷಯ. ನಿಮ್ಮ ಮಗ ಹನ್ನೆರಡರ ಹುಡುಗರನ್ನು ಹಿಂದೆ ಹಾಕುವುದು ಖುಷಿಯ ಸಂಗತಿಯೇ, ಆದರೆ ಅದರಲ್ಲಿ ಒಂದು ಪಾಲು ತೂಕದ್ದು. ಬಾಡಿಗೆ ಕಾರ್ಟ್‌ನ ಎಂಜಿನ್ನಿಗೆ ದಮ್ಮೇ ಇರುವುದಿಲ್ಲ. ಅದರ ಮೇಲೆ ಇಪ್ಪತ್ತೆಂಟು ಕೆಜಿ ಹುಡುಗ ಕೂತರೂ, ನಲವತ್ತೈದು ಕೆಜಿ ಹುಡುಗ ಕೂತರೂ ಎಂಜಿನ್ ಅದೇ. ಸಣ್ಣವನು ಪ್ರತಿ ತಿರುವಿನಿಂದ ಹೊರಗೆ ಬರುವಾಗಲೂ ಮುಂದೆ ಹಾರುತ್ತಾನೆ. ಪಂದ್ಯದ ಕಾರ್ಟಿಂಗ್‌ನಲ್ಲಿ ಈ ಲಾಭ ಇಲ್ಲ. ಅಲ್ಲಿ ಡ್ರೈವರ್ ಸೇರಿ ಕನಿಷ್ಠ ತೂಕ ಇಷ್ಟಿರಬೇಕು ಅಂತ ನಿಯಮ ಇದೆ. ಹಗುರ ಇದ್ದವನ ಸೀಟಿಗೆ ಸೀಸದ ತುಂಡು ಬೋಲ್ಟ್ ಮಾಡುತ್ತೇವೆ. ಅದಾದ ಮೇಲೂ ಮುಂದಿದ್ದರೆ ಆಗ ಮಾತಾಡೋಣ.

ಲೇಟ್ ಆಯಿತಾ? ಇಲ್ಲ. ಮ್ಯಾಕ್ಸ್ ನಾಲ್ಕೂವರೆಗೆ ಶುರು ಮಾಡಿದ್ದು ನಿಜ. ಆದರೆ ಅವನಪ್ಪ ಯೋಸ್‌ಗೇ ಅದು ಬೇಕಿರಲಿಲ್ಲ, ಆರು ವರ್ಷ ಆಗಲಿ ಅಂದಿದ್ದ. ಬೆಲ್ಜಿಯಂನ ಗೆಂಕ್ ಟ್ರ್ಯಾಕ್‌ನಲ್ಲಿ ತನಗಿಂತ ಚಿಕ್ಕ ಹುಡುಗ ಓಡಿಸುತ್ತಿರುವುದನ್ನು ನೋಡಿ ಇವನು ಅತ್ತು ಕರೆದು ಗಲಾಟೆ ಮಾಡಿದ್ದಕ್ಕೆ ಅಪ್ಪ ಸೋತ. (ಆ ಗೆಂಕ್ ನಿಮ್ಮ ಮನೆಯಿಂದ ಸುಮಾರು ಒಂದು ಗಂಟೆ ಹಾದಿ. ಒಂದು ಭಾನುವಾರ ಸುಮ್ನೆ ಹೋಗಿ ಬೇಲಿ ಪಕ್ಕ ನಿಂತು ನೋಡಿ ಬನ್ನಿ, ಟಿಕೆಟ್ಟಿಲ್ಲದ ಪಾಠ.) ಜಪಾನಿನ ತಕುಮಾ ಸಾಟೊ ಕಾರ್ಟ್ ಹತ್ತಿದ್ದೇ ಹತ್ತೊಂಬತ್ತರ ಆಸುಪಾಸಿನಲ್ಲಿ, ಅದಕ್ಕೆ ಮುಂಚೆ ಸೈಕಲ್ ರೇಸ್ ಮಾಡುತ್ತಿದ್ದ. ಅವನೂ ಎಫ್1 ಓಡಿಸಿದ, ಅಮೆರಿಕದ ದೊಡ್ಡ ರೇಸ್ ಇಂಡಿಯಾನಾಪೊಲಿಸ್ 500 ಎರಡು ಸಲ ಗೆದ್ದ. ಇದು ಅಪರೂಪ ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂಬತ್ತೂವರೆ ಮಾತ್ರ ಅಪರೂಪವೂ ಅಲ್ಲ, ತಡವೂ ಅಲ್ಲ.

ಬೇಗ ಶುರು ಮಾಡಿ, ಬೇಗ ಗೆದ್ದು, ಆಮೇಲೆ ಕಾದವರ ಕಥೆಯನ್ನು ನಿಮ್ಮ ಯಜಮಾನರಿಗೆ ಯಾರೂ ಹೇಳಿದ ಹಾಗಿಲ್ಲ. ಅದೂ ಡಚ್ಚರ ಕಥೆಯೇ. ಗೀಡೊ ವಾನ್ ಡರ್ ಗಾರ್ಡೆ 2002ರಲ್ಲಿ ಕಾರ್ಟಿಂಗ್ ವಿಶ್ವ ಚಾಂಪಿಯನ್. ಎಫ್1 ರೇಸಿಗೆ ಬಂದಿದ್ದು 2013ರಲ್ಲಿ, 27ನೇ ವಯಸ್ಸಿಗೆ, ಒಂದೇ ಒಂದು ಸೀಸನ್. ನಿಕ್ ಡಿ ವ್ರೀಸ್ 2010 ಮತ್ತು 2011, ಎರಡು ವರ್ಷ ಸತತವಾಗಿ ಕಾರ್ಟಿಂಗ್ ವಿಶ್ವ ಚಾಂಪಿಯನ್. ಆ ಕಾಲದಲ್ಲಿ ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ತಂಡಗಳು ಬೀಡುಬಿಡುವ ಜಾಗ) ಅವನ ಹೆಸರೇ ಹೆಸರು. 2019ರಲ್ಲಿ ಎಫ್1ಗೆ ಒಂದೇ ಮೆಟ್ಟಿಲು ಕೆಳಗಿರುವ ಎಫ್2 ಗೆದ್ದ, ಆಮೇಲೆ ವಿದ್ಯುತ್ ಕಾರುಗಳ ಫಾರ್ಮುಲಾ ಇ ಗೆದ್ದ. ಅವನ ಮೊದಲ ಎಫ್1 ರೇಸ್ 2022ರಲ್ಲಿ ಮಾಂಜಾದಲ್ಲಿ, ಅವನಿಗೂ ಆಗ 27. ಮರುವರ್ಷ ಹತ್ತು ರೇಸ್ ಆದ ಮೇಲೆ ತಂಡ ಅವನನ್ನು ಕೈಬಿಟ್ಟಿತು. ಇಬ್ಬರೂ ಕಾರ್ಟ್‌ನಲ್ಲಿ ಗೆಲ್ಲಬೇಕಾದ್ದನ್ನೆಲ್ಲ ಗೆದ್ದವರು. ಹಾಗಾಗಿ 'ಕಾರ್ಟಿಂಗ್ ಗೆದ್ದರೆ ಕಾರು ತಾನಾಗಿ ಸಿಗುತ್ತಾ' ಅಂದರೆ, ಇಲ್ಲ. ಕಾರು ದುಡ್ಡಿಗೆ ಸಿಗುತ್ತದೆ. ಗೆದ್ದವನಿಗೆ ದುಡ್ಡು ಕೊಡುವವರು ಸಿಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ.

ಹಾಗಾದರೆ ಮ್ಯಾಕ್ಸ್‌ಗೆ ಏನಿತ್ತು? ಪ್ರತಿಭೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಇದ್ದಿದ್ದನ್ನು ನೋಡಿ. ಅಪ್ಪ 1994ರಿಂದ 2003ರ ನಡುವೆ ಎಫ್1 ಓಡಿಸಿದವನು, ಬೆನೆಟನ್ ತಂಡದಲ್ಲಿ ಶೂಮಾಕರ್ ಜೊತೆಗಾರ. ಅಮ್ಮ ಸೋಫಿ ಕುಂಪನ್ ಬೆಲ್ಜಿಯಂನ ಕಾರ್ಟಿಂಗ್ ರೇಸರ್, ಮುಂದೆ ಎಫ್1 ಚಾಂಪಿಯನ್ ಆದ ಜೆನ್ಸನ್ ಬಟನ್ ಪೀಳಿಗೆಯ ಹುಡುಗರ ಎದುರು ಓಡಿಸಿದವಳು. ಬೇರೆ ಮನೆಯವರು ಮೆಕ್ಯಾನಿಕ್‌ಗೆ, ಎಂಜಿನ್ ಟ್ಯೂನರ್‌ಗೆ, ಕೋಚ್‌ಗೆ ಅಂತ ಬೇರೆಬೇರೆ ಬಿಲ್ ಕಟ್ಟುತ್ತಾರೆ. ಆ ಮನೆಯಲ್ಲಿ ಮೂರೂ ಕೆಲಸ ಅಪ್ಪನೊಬ್ಬನೇ ಮಾಡುತ್ತಿದ್ದ. ಎಂಜಿನ್ ತಾನೇ ಬಿಚ್ಚಿ ಕಟ್ಟುತ್ತಿದ್ದ, ವ್ಯಾನ್ ತಾನೇ ಓಡಿಸುತ್ತಿದ್ದ. ಹೀಗೆ ಹೆಚ್ಚುಕಮ್ಮಿ ಹನ್ನೊಂದು ವರ್ಷ. 2013ರಲ್ಲಿ ಫ್ರಾನ್ಸಿನ ವರೆನ್‌ನಲ್ಲಿ ಮ್ಯಾಕ್ಸ್ ಕೆಜೆಡ್ (ಗೇರ್ ಇರುವ ಕಾರ್ಟ್‌ಗಳ ವರ್ಗ) ವಿಶ್ವ ಚಾಂಪಿಯನ್ ಆದಾಗ ಅವನಿಗೆ 15 ವರ್ಷ. ಆ ಹೊತ್ತಿಗೆ ಅವನು ಟೈರಿನ ಮೇಲೆ ಹೆಬ್ಬೆರಳು ಆಡಿಸಿ ಪ್ರೆಷರ್ ಜಾಸ್ತಿ ಆಯಿತೋ ಕಮ್ಮಿ ಆಯಿತೋ ಹೇಳುವಷ್ಟು ಗಾಡಿ ಓದುವುದನ್ನು ಕಲಿತಿದ್ದ ಅಂತ ನಾನು ಧಾರಾಳವಾಗಿ ನಂಬುತ್ತೇನೆ. ಆ ಮಟ್ಟದ ಹುಡುಗರೆಲ್ಲ ಅದನ್ನು ಮಾಡುತ್ತಾರೆ.

ಇನ್ನು ಪೆಟ್ರೋಲ್ ಬಂಕ್. ಅದು ನಡೆದದ್ದು ನಿಜ, ಮ್ಯಾಕ್ಸೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. 2012, ಇಟಲಿಯ ಸಾರ್ನೊ, ಕೆಜೆಡ್2 ವಿಶ್ವಕಪ್. ಗೆಲ್ಲುವ ಗಾಡಿ ಕೈಯಲ್ಲಿತ್ತು. ಎರಡನೇ ಸ್ಥಾನಕ್ಕೆ ಜಾರಿದವನು ತಕ್ಷಣ ವಾಪಸ್ ನುಗ್ಗಲು ಹೋಗಿ ಗುದ್ದಿಕೊಂಡ. ಅಪ್ಪನಿಗೆ ಕೋಪ ಎಷ್ಟಿತ್ತೆಂದರೆ ಮನೆಗೆ ಹೋಗುವ ದಾರಿಯಲ್ಲಿ ಬಂಕ್ ಒಂದರಲ್ಲಿ ಇಳಿಸಿ ಹೊರಟುಬಿಟ್ಟ. ಆಮೇಲೆ ವಾಪಸ್ ಬಂದ ಅನ್ನಿ, ಆದರೆ ಒಂದು ವಾರ ಮಾತಿಲ್ಲ. ಮರುವರ್ಷ ಹುಡುಗ ಎಲ್ಲ ಗೆದ್ದ. ಅದನ್ನು ನೋಡಿ ಜನ ಬಂಕಿನಿಂದಲೇ ಗೆದ್ದ ಅಂದುಕೊಳ್ಳುತ್ತಾರೆ. ನಾನು ಅದೇ ರೀತಿ ಮಕ್ಕಳನ್ನು ಬೈಯುವ ಅಪ್ಪಂದಿರನ್ನು ಟೆಂಟ್ ಹಿಂದೆ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆ ಮಕ್ಕಳಲ್ಲಿ ಹೆಚ್ಚಿನವರು ಹದಿಮೂರು, ಹದಿನಾಲ್ಕಕ್ಕೆ ಹೆಲ್ಮೆಟ್ ಕೆಳಗಿಟ್ಟು ಫುಟ್‌ಬಾಲ್‌ಗೆ ಹೋದರು. ಅವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ ಅಲ್ವಾ, ಹಾಗಾಗಿ ಅವರ ಬಂಕಿನ ಕಥೆ ನಮಗೆ ಗೊತ್ತಿಲ್ಲ. ಇನ್ನೊಂದು ಮಾತು: ಯೋಸ್ ಬೈದಾಗ ಆ ಬೈಗುಳದೊಳಗೆ ಒಂದು ತಾಂತ್ರಿಕ ವಿಷಯ ಇರುತ್ತಿತ್ತು. ಆ ತಿರುವಿನಲ್ಲಿ ನುಗ್ಗಬಾರದಿತ್ತು, ಯಾಕೆ ನುಗ್ಗಬಾರದಿತ್ತು ಅನ್ನುವುದು ಅವನಿಗೆ ಗೊತ್ತಿತ್ತು. ನಿಮ್ಮ ಯಜಮಾನರಿಗೆ ಅದು ಗೊತ್ತಿಲ್ಲದಿದ್ದರೆ ಬೈಗುಳದಲ್ಲಿ ಉಳಿಯುವುದು ಬರೀ ಬೈಗುಳ. ಅದರ ಬದಲು ಒಂದು ಪ್ರಶ್ನೆ ಕೇಳಲಿ: 'ಯಾವ ತಿರುವಿನಲ್ಲಿ ಜಾರಿತು? ಒಳಗೆ ಹೋಗುವಾಗಲೋ, ಹೊರಗೆ ಬರುವಾಗಲೋ?' ಹುಡುಗ ಯೋಚಿಸಿ ಉತ್ತರ ಕೊಟ್ಟರೆ, ಆ ಉತ್ತರ ವಾರದಿಂದ ವಾರಕ್ಕೆ ನಿಖರವಾಗುತ್ತಾ ಬಂದರೆ, ನಾನು ಟ್ರೋಫಿಗಿಂತ ಅದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

ಮ್ಯಾಕ್ಸ್ ಬಗ್ಗೆ ಜನ ಹೇಳುವ 'ಕಾರ್ಟಿಂದ ಒಂದೇ ವರ್ಷಕ್ಕೆ ಎಫ್1' ಅನ್ನುವ ಮಾತಿಗೆ ಬರೋಣ. ಮ್ಯಾಕ್ಸ್ 2013ರ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಪೆಂಬ್ರಿಯಲ್ಲಿ ಫಾರ್ಮುಲಾ ರೆನೋ ಕಾರು ಪರೀಕ್ಷಿಸಿದ. ಅದು ಅವನ ಮೊದಲ ಸಿಂಗಲ್ ಸೀಟರ್, ಅಂದರೆ ನೀವು ಹೇಳಿದ ಉದ್ದ ಮೂತಿಯ, ಚಕ್ರ ಹೊರಗೆ ಕಾಣುವ ಕಾರು. 2014ರಲ್ಲಿ ಡಚ್ ತಂಡವಾದ ವಾನ್ ಆಮರ್ಸ್‌ಫೋರ್ಟ್ ರೇಸಿಂಗ್ ಜೊತೆ ಯುರೋಪಿಯನ್ ಎಫ್3 ಓಡಿಸಿದ. 10 ರೇಸ್ ಗೆದ್ದ, ಅದರಲ್ಲಿ 6 ಸತತವಾಗಿ. ಆದರೂ ಚಾಂಪಿಯನ್‌ಶಿಪ್‌ನಲ್ಲಿ ಮೂರನೆಯವ, ಇದನ್ನು ಎಲ್ಲರೂ ಮರೆಯುತ್ತಾರೆ. ಅದೇ ಆಗಸ್ಟ್‌ನಲ್ಲಿ ರೆಡ್ ಬುಲ್ ಅವನನ್ನು ಎತ್ತಿಕೊಂಡಿತು. 2015ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಎಫ್1 ರೇಸ್ ಓಡಿಸಿದಾಗ 17 ವರ್ಷ 166 ದಿನ. ರಸ್ತೆಯಲ್ಲಿ ಕಾರು ಓಡಿಸುವ ಲೈಸೆನ್ಸ್ ಸಿಕ್ಕಿದ್ದು ಅದಾದ ಮೇಲೆ, ಹದಿನೆಂಟನೇ ಹುಟ್ಟುಹಬ್ಬದ ದಿನ. ಇದನ್ನು ನೋಡಿ ಕಾರು ರೇಸಿನ ಜಾಗತಿಕ ಆಡಳಿತ ಸಂಸ್ಥೆ ಎಫ್ಐಎ ಬಾಗಿಲು ಹಾಕಿತು. 2016ರಿಂದ ಸೂಪರ್ ಲೈಸೆನ್ಸ್‌ಗೆ (ಎಫ್1 ಓಡಿಸಲು ಬೇಕಾದ ಪರವಾನಗಿ) 18 ವರ್ಷ ಆಗಿರಬೇಕು, ಸಣ್ಣ ಸಿಂಗಲ್ ಸೀಟರ್ ಸರಣಿಗಳಲ್ಲಿ 40 ಅಂಕ ಗಳಿಸಿರಬೇಕು. ಈಚೆಗೆ 2024ರಲ್ಲಿ ವಿಶೇಷ ಸಂದರ್ಭದಲ್ಲಿ 17ಕ್ಕೂ ಕೊಡಬಹುದು ಅಂತ ಸ್ವಲ್ಪ ಸಡಿಲಿಸಿದರು, ಆದರೆ ಆ 40 ಅಂಕ ಹಾಗೇ ಇದೆ. ಒಂದು ದೇಶದ ಎಫ್4 ಸರಣಿ ಗೆದ್ದರೆ ಸಿಗುವುದು 12, ಎಫ್3 ಗೆದ್ದರೆ 30. ಅಂದರೆ ಈಗ 15ಕ್ಕೆ ಎಫ್4, ಆಮೇಲೆ ಫಾರ್ಮುಲಾ ರೀಜನಲ್, ಎಫ್3, ಎಫ್2 ಅಂತ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ದುಡ್ಡು.

ದುಡ್ಡಿನ ಮಾತಿಗೆ ಮುಂಚೆ ಕಾರ್ಟಿಗೂ ಕಾರಿಗೂ ಇರುವ ವ್ಯತ್ಯಾಸ ಹೇಳಲೇಬೇಕು. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿಯಾಗಿ ಕೂತಿರುತ್ತವೆ, ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಡೆ ಚಕ್ರಕ್ಕೆ ದೂರ ಕಮ್ಮಿ, ಆದರೆ ಅದೂ ಅಷ್ಟೇ ತಿರುಗಬೇಕು. ಹಾಗೇ ಬಿಟ್ಟರೆ ಗಾಡಿ ನೇರಕ್ಕೇ ಎಳೆಯುತ್ತದೆ. ಅದಕ್ಕೆ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮುಂದಿನ ಒಳ ಚಕ್ರ ನೆಲಕ್ಕೆ ಒತ್ತಿಕೊಂಡು, ಚಾಸಿ (ಗಾಡಿಯ ಚೌಕಟ್ಟು) ತಿರುಚಿಕೊಂಡು, ಹಿಂದಿನ ಒಳ ಚಕ್ರ ನೆಲದಿಂದ ಒಂದೆರಡು ಬೆರಳು ಮೇಲೆದ್ದು ನಿಲ್ಲುತ್ತದೆ. ಗೆಂಕ್‌ಗೆ ಹೋದಾಗ ತಿರುವಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, ಕಾಣುತ್ತದೆ. ಹೀಗಾಗಿ ಕಾರ್ಟ್ ಹುಡುಗರ ಕೈ ಚುರುಕು, ಸ್ಟಿಯರಿಂಗನ್ನು ಚಕ್ಕಂತ ಕೊಡುತ್ತಾರೆ. ಅದೇ ಕೈ ಎಫ್4 ಕಾರಿನಲ್ಲಿ ತೊಂದರೆ. ಅದಕ್ಕೆ ಸ್ಪ್ರಿಂಗ್ ಇದೆ, ತೂಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸಮಯ ಬೇಕು, ಅಷ್ಟು ಹೊತ್ತು ಕಾಯಬೇಕು. ರೆಕ್ಕೆ ಇರುವ ಕಾರು ವೇಗ ಜಾಸ್ತಿ ಆದಷ್ಟೂ ನೆಲಕ್ಕೆ ಅಂಟುತ್ತದೆ, ಭಯಪಟ್ಟು ನಿಧಾನ ಮಾಡಿದರೆ ಹಿಡಿತ ಇನ್ನೂ ಕಮ್ಮಿ. ಇದು ಮಕ್ಕಳ ತಲೆಗೆ ಹೋದರೂ ಕಾಲಿಗೆ ಹೋಗಲು ತಿಂಗಳುಗಟ್ಟಲೆ ಬೇಕು.

ಒಂದು ಚಳಿಗಾಲದ ಪರೀಕ್ಷೆ ನೆನಪಿದೆ. ಕಾರ್ಟ್‌ನಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ ಹುಡುಗ, ಹದಿನೈದು ತುಂಬಿ ಒಂದು ವಾರ ಆಗಿತ್ತು. ಎಫ್4 ಕಾರಿನಲ್ಲಿ ಜೊತೆಗಾರನಿಗಿಂತ ಒಂದೂವರೆ ಸೆಕೆಂಡ್ ಹಿಂದೆ. ಅಪ್ಪ ಬಂದು 'ಎಂಜಿನ್ ಡಲ್ ಇದೆ, ಬದಲಾಯಿಸಿ' ಅಂದ. ನಾನು ಲ್ಯಾಪ್‌ಟಾಪ್‌ನಲ್ಲಿ ಇಬ್ಬರೂ ಬ್ರೇಕ್ ಎಷ್ಟು ಒತ್ತಿದರು ಅನ್ನುವ ಗೆರೆಯನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಜೊತೆಗಾರನ ಗೆರೆ ಗೋಡೆಯ ಹಾಗೆ ನೆಟ್ಟಗೆ ಮೇಲೆದ್ದು, ಆಮೇಲೆ ತಿರುವಿನೊಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಈ ಹುಡುಗನದು ಗುಡ್ಡದ ಹಾಗೆ, ಮೆಲ್ಲಗೆ ಏರಿ ಕೊನೆಗೆ ದಬಕ್ಕಂತ ಬಿಡುತ್ತಿದ್ದ. ಕಾರಿನಲ್ಲಿ ವೇಗ ಜಾಸ್ತಿ ಇದ್ದಾಗಲೇ ಗಾಳಿಯ ಒತ್ತಡವೂ ಜಾಸ್ತಿ, ಆಗಲೇ ಪೂರ್ತಿ ಒದೆಯಬೇಕು. ಬ್ರೇಕ್ ಒತ್ತಲು ಯಂತ್ರದ ನೆರವು ಇಲ್ಲ, ಒಂದೇ ಕಾಲಿನ ಮೇಲೆ ಮೈಭಾರ ಹಾಕಿ ನಿಂತ ಹಾಗೆ. ಆ ಹುಡುಗ ಆವರೆಗೂ ಓಡಿಸಿದ್ದು ಬರೀ ಹಿಂಬದಿ ಬ್ರೇಕಿನ ಕಾರ್ಟ್, ಅದನ್ನು ಹಾಗೆ ಒದ್ದರೆ ತಿರುಗಿ ಬೀಳುತ್ತದೆ. ಸರಿಹೋಗಲು ಅರ್ಧ ಸೀಸನ್ ಬೇಕಾಯಿತು, ಆ ಅರ್ಧ ಸೀಸನ್ನಿಗೂ ಬಿಲ್ ಬಂತು. ಮ್ಯಾಕ್ಸ್ ಕೊನೆಗೆ ಗೆದ್ದ ಕೆಜೆಡ್ ಕಾರ್ಟ್‌ಗೆ ಆರು ಗೇರ್ ಇದೆ, ಮುಂದಿನ ಚಕ್ರಕ್ಕೂ ಬ್ರೇಕ್ ಇದೆ. ಕಾರಿನ ಅಭ್ಯಾಸದ ಒಂದು ಭಾಗ ಅವನಿಗೆ ಅಲ್ಲೇ ಸಿಕ್ಕಿತ್ತು. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಮಾತ್ರ ಬಂಕ್‌ಗಿಂತ ಇದು ದೊಡ್ಡ ಕಾರಣ ಅನ್ನಿಸುತ್ತದೆ.

ಈಗ ಸೈಟು. ನಾನು ನೋಡಿದ ಬಿಲ್ಲುಗಳ ಮೇಲೆ, ಪ್ಯಾಡಕ್ ಮಾತಿನ ಮೇಲೆ ಅಂದಾಜು ಹೇಳುತ್ತೇನೆ, ತಂಡದಿಂದ ತಂಡಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ. ಹತ್ತಿರದ ಕ್ಲಬ್ ಮಟ್ಟದಲ್ಲಿ, ಅಪ್ಪನೇ ಮೆಕ್ಯಾನಿಕ್ ಆದರೆ, ವರ್ಷಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಯೂರೋ. ಯುರೋಪಿನ ದೊಡ್ಡ ಕಾರ್ಟಿಂಗ್ ಸರಣಿಗಳಲ್ಲಿ ಒಳ್ಳೆ ತಂಡದ ಜೊತೆ ಹೋದರೆ ಎರಡು ಲಕ್ಷದ ಸುತ್ತಮುತ್ತ. ಎಫ್4ಗೆ ನಾಲ್ಕರಿಂದ ಆರು ಲಕ್ಷ. ಎಫ್3 ಹತ್ತು ಲಕ್ಷ ದಾಟುತ್ತದೆ, ಎಫ್2 ಇಪ್ಪತ್ತು ಲಕ್ಷ. ಎಲ್ಲವೂ ಯೂರೋ, ಎಲ್ಲವೂ ಒಂದು ವರ್ಷಕ್ಕೆ. ನಿಮ್ಮ ಸೈಟಿಗೆ ಒಂದು ಕೋಟಿ ರೂಪಾಯಿ ಬಂತು ಅಂದುಕೊಳ್ಳಿ, ಅದು ಹೆಚ್ಚುಕಮ್ಮಿ ಒಂದು ಲಕ್ಷ ಯೂರೋ. ಎಫ್4ರಲ್ಲಿ ಅದು ಮೂರು ತಿಂಗಳಿಗೆ ಬರುವುದೂ ಕಷ್ಟ. ಮಾರಿ ಗೆದ್ದವರಿಲ್ಲವಾ ಅಂದರೆ ಇದ್ದಾರೆ. 2014ರಲ್ಲಿ ಮ್ಯಾಕ್ಸ್‌ನನ್ನು ಸೋಲಿಸಿ ಎಫ್3 ಗೆದ್ದ ಫ್ರಾನ್ಸಿನ ಎಸ್ಟೆಬಾನ್ ಓಕಾನ್ ಮನೆಯವರು ಮನೆ ಮಾರಿ ಕ್ಯಾರವಾನ್‌ನಲ್ಲೇ ವಾಸ ಮಾಡುತ್ತಾ ಊರೂರು ತಿರುಗಿದರು. ಆದರೆ ಆ ದುಡ್ಡು ಓಡಿದ್ದು ಕಾರ್ಟಿಂಗ್ ಮುಗಿಯುವವರೆಗೆ, ಮುಂದಿನ ಮೆಟ್ಟಿಲುಗಳನ್ನು ಹತ್ತಿಸಿದ್ದು ಬೇರೆಯವರ ದುಡ್ಡು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಮ್ಯಾಕ್ಸ್ ಹುಟ್ಟಿದ 1997ರಲ್ಲೇ ಹುಟ್ಟಿದವನು. ಮ್ಯಾಕ್ಸ್ ಬಿಟ್ಟುಹೋದ ಮರುವರ್ಷ, 2015ರಲ್ಲಿ, ಅದೇ ವಾನ್ ಆಮರ್ಸ್‌ಫೋರ್ಟ್ ತಂಡದಲ್ಲಿ ಎಫ್3 ಓಡಿಸಿದ. ಆಗ ಅವನ ಜೊತೆಗಾರ ಚಾರ್ಲ್ಸ್ ಲೆಕ್ಲರ್ಕ್. ಒಬ್ಬ ಫೆರಾರಿಗೆ ಹೋದ. ಅರ್ಜುನ್ ಇವತ್ತು ಜರ್ಮನಿಯ ಡಿಟಿಎಂ ಸರಣಿಯಲ್ಲಿ ಜಿಟಿ ಕಾರು (ರಸ್ತೆ ಕಾರಿನ ಆಕಾರದ ರೇಸ್ ಕಾರು) ಓಡಿಸುವ ವೃತ್ತಿಪರ. ಅದು ಸೋಲಲ್ಲ, ಒಳ್ಳೆಯ ಕೆಲಸ. ಸಿಂಗಲ್ ಸೀಟರ್ ಹತ್ತಿದ ಬಹಳಷ್ಟು ಹುಡುಗರಿಗೆ ಮುಂದೆ ಸಂಬಳ ಕೊಡುವುದು ಜಿಟಿ ಕಾರುಗಳೇ. ಡಚ್ ಹುಡುಗ ರೀನಸ್ ವಾನ್ ಕಾಲ್ಮ್‌ಟೌಟ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸಿಂಗಲ್ ಸೀಟರ್ ಸರಣಿ ಇಂಡಿಕಾರ್ ಸೇರಿದ, ಅಲ್ಲಿಯವರಿಗೆ ಹೆಸರು ನಾಲಿಗೆಗೆ ಬರದೆ 'ವೀಕೇ' ಅಂತ ಮಾಡಿಕೊಂಡ, 2021ರಲ್ಲಿ ರೇಸೂ ಗೆದ್ದ.

ಅಪಾಯದ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಕಾರ್ಟ್‌ನಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ತಾಯಂದಿರು ಇದನ್ನು ನೋಡಿ ಹೌಹಾರುತ್ತಾರೆ. ತಲೆಯ ಮೇಲೆ ಪಂಜರ ಇಲ್ಲದ ಗಾಡಿ ಮಗುಚಿದರೆ ಅದರ ಜೊತೆ ಕಟ್ಟಿಕೊಂಡಿರುವುದಕ್ಕಿಂತ ಹೊರಗೆ ಬೀಳುವುದು ವಾಸಿ, ಅದಕ್ಕೇ ಇಲ್ಲ. ನಿಮ್ಮ ಮಗನ ಮಟ್ಟದಲ್ಲಿ ನಾನು ಜಾಸ್ತಿ ನೋಡಿದ್ದು ಪಕ್ಕೆಲುಬಿನ ನೋವು, ಮಣಿಕಟ್ಟಿನ ಬಿರುಕು. ಕಾರುಗಳಲ್ಲಿ ಪಂಜರ, ಬೆಲ್ಟ್, ಹೇಲೋ (ತಲೆ ಕಾಯುವ ಲೋಹದ ಕಮಾನು) ಎಲ್ಲ ಇವೆ, ಆದರೆ ವೇಗ ಬೇರೆ ಲೆಕ್ಕ. 2023ರ ಜುಲೈ 1ರಂದು ಬೆಲ್ಜಿಯಂನ ಸ್ಪಾದಲ್ಲಿ, ಮಳೆಯಲ್ಲಿ, ಫಾರ್ಮುಲಾ ರೀಜನಲ್ ರೇಸ್‌ನಲ್ಲಿ ಡಚ್ ಹುಡುಗ ಡಿಲಾನೊ ವಾನ್ 'ಟ್ ಹಾಫ್ ತೀರಿಕೊಂಡ. ಎರಡು ವರ್ಷದ ಹಿಂದಷ್ಟೇ ಸ್ಪೇನಿನ ಎಫ್4 ಗೆದ್ದಿದ್ದವನು, 18 ವರ್ಷ. ನೀರಿನ ಮಂಜಿನಲ್ಲಿ ಹಿಂದಿನವರಿಗೆ ಮುಂದೆ ನಿಂತ ಕಾರು ಕಾಣುವುದಿಲ್ಲ. ಮಳೆಯಲ್ಲಿ ಈ ಸಮಸ್ಯೆಗೆ ಇವತ್ತಿಗೂ ಪೂರ್ತಿ ಪರಿಹಾರ ಇಲ್ಲ. ಇದನ್ನು ತಿಳಿದುಕೊಂಡೇ ಆ ಮೆಟ್ಟಿಲು ಹತ್ತಬೇಕು, ಅದೂ ಆಗ ಅವನ ಅಭಿಪ್ರಾಯವನ್ನೂ ಕೇಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಎರಡು ವರ್ಷ ಕ್ಲಬ್ ಮಟ್ಟದಲ್ಲೇ ಇಡುತ್ತಿದ್ದೆ. ಒಂದು ಹಳೆ ಕಾರ್ಟ್, ಒಂದೇ ಎಂಜಿನ್, ಎಲ್ಲರಿಗೂ ಒಂದೇ ನಿಯಮ ಇರುವ ಸರಣಿ, ರೋಟಾಕ್ಸ್ ಥರದ್ದು. ಚೈನ್‌ಗೆ ಎಣ್ಣೆ ಹಾಕುವುದು, ಟೈರ್ ಬದಲಾಯಿಸುವುದು ಮಗನೇ ಮಾಡಲಿ. ಇದರಲ್ಲಿರುವ ಅಪಾಯ ಅಂದರೆ, ಅವನಿಗಿಂತ ಜಾಸ್ತಿ ಪ್ರಾಕ್ಟೀಸ್ ಮಾಡುವ ಹುಡುಗರು ಮುಂದೆ ಹೋಗುತ್ತಾರೆ, ಅವನು ಸೋಲುತ್ತಾನೆ. ಸೋತ ಮೇಲೂ ಸೋಮವಾರ ಬೆಳಿಗ್ಗೆ ಕಾರ್ಟ್ ತೊಳೆಯಲು ಗ್ಯಾರೇಜಿಗೆ ಹೋಗುತ್ತಾನಾ ನೋಡಿ. ಹನ್ನೆರಡರ ಹೊತ್ತಿಗೆ ಬೆನೆಲಕ್ಸ್ (ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್) ಮಟ್ಟದ ತಂಡದ ಯೋಚನೆ ಮಾಡಬಹುದು. ಆಗ ಖರ್ಚು ಎರಡು ಮೂರು ಪಟ್ಟು ಏರುತ್ತದೆ, ಶಾಲೆಯ ತಲೆನೋವೂ ಶುರುವಾಗುತ್ತದೆ. ದೊಡ್ಡ ರೇಸ್‌ಗಳು ಗುರುವಾರ, ಶುಕ್ರವಾರವೇ ಶುರು. ನೆದರ್ಲೆಂಡ್ಸ್‌ನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಎಷ್ಟು ಬಿಗಿ ಅಂತ ನಿಮಗೇ ಗೊತ್ತು, ರಜೆ ಹಾಕಿಸಿ ಊರಿಗೆ ಕರಕೊಂಡು ಹೋದರೂ ದಂಡ ಬೀಳುತ್ತದೆ. ಪ್ರೌಢಶಾಲೆಯ ಹಂತದಲ್ಲಿ ಕ್ರೀಡಾಪಟುಗಳಿಗೆ ವೇಳಾಪಟ್ಟಿ ಸಡಿಲಿಸುವ ಟಾಪ್‌ಸ್ಪೋರ್ಟ್ ಶಾಲೆಗಳಿವೆ, ಆದರೆ ಅಧಿಕೃತ ಪ್ರತಿಭಾ ಸ್ಥಾನಮಾನ ಸಿಕ್ಕವರಿಗೆ ಮಾತ್ರ. ಸಿಂಗಲ್ ಸೀಟರ್ ಪ್ರಶ್ನೆಯನ್ನು ಹದಿನಾಲ್ಕಕ್ಕೆ ಇಟ್ಟುಕೊಳ್ಳಿ. ಆಗ ಹೊರಗಿನವರು ಯಾರಾದರೂ ಅರ್ಧಕ್ಕಿಂತ ಜಾಸ್ತಿ ದುಡ್ಡು ಹಾಕಲು ಮುಂದೆ ಬಂದರೆ ಮಾತಾಡಿ. ಬರದಿದ್ದರೆ ಕಾರ್ಟಿಂಗ್‌ನಲ್ಲೇ ಇರಲಿ, ನಲವತ್ತಾದರೂ ಓಡಿಸಬಹುದು.

ನೀವು ನೋಡಿದ ಸೆಕೆಂಡ್ ಹ್ಯಾಂಡ್ ಕಾರ್ಟ್ ತಗೊಳ್ಳಬಹುದು. ತಗೊಳ್ಳುವ ಮುಂಚೆ ಅದನ್ನು ಮಗುಚಿ ಹಾಕಿಸಿ. ಕರ್ಬ್‌ಗೆ (ಟ್ರ್ಯಾಕ್ ಅಂಚಿನ ಉಬ್ಬು) ಉಜ್ಜಿ ಉಜ್ಜಿ ಕೆಳಗಿನ ಪೈಪು ಚಪ್ಪಟೆ ಆಗಿದ್ದರೆ ಬೇಡ. ಸೀಟು ಬೋಲ್ಟ್ ಆಗಿರುವ ಜಾಗದಲ್ಲಿ ವೆಲ್ಡ್ ಸುತ್ತ ಕೂದಲೆಳೆ ಬಿರುಕು ಇದೆಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿ. ಹಿಂದಿನ ಭಾಗ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿ, ಓಲಾಡಿದರೆ ಆಕ್ಸಲ್ ಬಾಗಿದೆ. ಎಂಜಿನ್ ಎಷ್ಟು ಗಂಟೆ ಓಡಿದೆ, ಪಿಸ್ಟನ್ ಯಾವಾಗ ಬದಲಾಯಿಸಿದ್ದಾರೆ ಅನ್ನುವ ಪುಸ್ತಕ ಕೇಳಿ, ಪುಸ್ತಕ ಇಲ್ಲ ಅಂದರೆ ಬೆಲೆ ಇಳಿಸಿ. ಹೆಲ್ಮೆಟ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಒಳಗೆ ಪೆಟ್ಟು ತಿಂದಿದ್ದರೆ ಹೊರಗೆ ಕಾಣುವುದಿಲ್ಲ. ಜೊತೆಗೆ, ದೊಡ್ಡವರ ಹೆಲ್ಮೆಟ್ ಒಂಬತ್ತು ವರ್ಷದ ಕತ್ತಿಗೆ ಭಾರ. ಮಕ್ಕಳಿಗೆಂದೇ ಹಗುರವಾಗಿ ಮಾಡಿದ, ಸಿಎಂಆರ್ ಅಂತ ಚೀಟಿ ಇರುವ ಹೊಸದನ್ನು ತಗೊಳ್ಳಿ. ಪಕ್ಕೆಲುಬಿನ ಗಾರ್ಡ್ ಕೂಡ ಹೊಸದೇ, ಅವನನ್ನು ಸೀಟಿನಲ್ಲಿ ಕೂರಿಸಿ ಅಳತೆ ನೋಡಿಯೇ ತಗೊಳ್ಳಿ.